ನೆಕ್ಸ್ಟ್ ಒತ್ತಿ ಮುಗಿಸುವ ಕೋರ್ಸ್ ಬೇಡ: ಸಿಬ್ಬಂದಿಗೆ ಆನ್‌ಲೈನ್ ಪಾಠ ಕಟ್ಟುವ ಬಗೆ

ನಾನು ಮಾಡಿದ ಮೊದಲ ಆನ್‌ಲೈನ್ ಕೋರ್ಸ್‌ನಲ್ಲಿ 64 ಸ್ಲೈಡ್ ಇದ್ದವು. ಶಿರಸಿ ಕಡೆಯ ಒಂದು ಸಹಕಾರ ಸಂಘದ ಸಿಬ್ಬಂದಿಗಾಗಿ ಮಾಡಿದ್ದು. ಸಂಘದ ಹೆಸರು ಬೇಡ, ತಪ್ಪು ನನ್ನದೇ. ಮೊದಲ ಸ್ಲೈಡ್‌ನಲ್ಲಿ ಲಾಂಛನ, ಎರಡನೆಯದರಲ್ಲಿ ಅಧ್ಯಕ್ಷರ ಫೋಟೊ, ಮೂರನೆಯದರಲ್ಲಿ 'ಈ ಕೋರ್ಸ್‌ನ ಉದ್ದೇಶಗಳು'. ಕೊನೆಗೆ ಹತ್ತು ಪ್ರಶ್ನೆ, ಒಂದು ಸರ್ಟಿಫಿಕೇಟ್. ಎಲ್ಲರೂ ಪಾಸಾದರು. ಖುಷಿಯಲ್ಲಿ ಒಂದು ಶಾಖೆಗೆ ಹೋದೆ. ಅಲ್ಲಿ ಒಬ್ಬಳೇ ಹುಡುಗಿ ಮೂವರ ಲಾಗಿನ್ ಇಟ್ಟುಕೊಂಡು ಒಂದು ಕೈಯಲ್ಲಿ ನೆಕ್ಸ್ಟ್ ಒತ್ತುತ್ತಿದ್ದಳು, ಇನ್ನೊಂದು ಕೈಯಲ್ಲಿ ರಸೀದಿ ಬರೆಯುತ್ತಿದ್ದಳು. ನನ್ನನ್ನು ನೋಡಿ ಗಾಬರಿಯೇನೂ ಆಗಲಿಲ್ಲ. 'ನೆಟ್ ಸ್ಲೋ ಮೇಡಂ, ಇಲ್ದಿದ್ರೆ ಆಗ್ಲೇ ಮುಗೀತಿತ್ತು' ಅಂದಳು.

ಅವಳ ಮೇಲೆ ಸಿಟ್ಟು ಬರಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಆ 64 ಸ್ಲೈಡ್‌ನಲ್ಲಿ ಅವಳ ಕೌಂಟರಿಗೆ ಬೇಕಾದದ್ದು ಒಂದೂ ಇರಲಿಲ್ಲ. ನಮಗೆ ಏನು ಹೇಳಬೇಕೋ ಅದೆಲ್ಲ ಇತ್ತು.

ಆಮೇಲೆ ಅದೇ ಸಂಘದ ಕೃಷಿ ಪರಿಕರ ಅಂಗಡಿಗಳ ಸಿಬ್ಬಂದಿಗೆ ಇನ್ನೊಂದು ಕೋರ್ಸ್ ಮಾಡಿದೆ. ವಿಷಯ, ಮಳೆಗಾಲಕ್ಕೆ ಮುಂಚೆ ಮೈಲುತುತ್ತ (ಕಾಪರ್ ಸಲ್ಫೇಟ್) ಕೊಳ್ಳಲು ಬರುವ ರೈತರಿಗೆ ಏನು ಹೇಳಬೇಕು ಅನ್ನೋದು. ಮೈಲುತುತ್ತಕ್ಕೆ ಸುಣ್ಣ ಸೇರಿಸಿ ಕಲಸಿದ ಬೋರ್ಡೋ ದ್ರಾವಣವನ್ನು ಅಡಿಕೆಗೆ ಕೊಳೆ ರೋಗ ಬಾರದಂತೆ ಹೊಡೆಯುತ್ತಾರೆ. ಅದನ್ನೇ ಉದಾಹರಣೆ ಇಟ್ಟುಕೊಂಡು ಬರೆಯುತ್ತೇನೆ. ನಿಮ್ಮದು ಬ್ಯಾಂಕ್ ಇರಬಹುದು, ಗೋಕರ್ಣದ ಹೋಂಸ್ಟೇ ಇರಬಹುದು, ಕಾರವಾರದ ಐಸ್ ಪ್ಲಾಂಟ್ ಇರಬಹುದು. ದಾರಿ ಹೆಚ್ಚು ಕಡಿಮೆ ಇದೇ.

ಮೊದಲು ಅರ್ಧ ದಿನ ಸ್ಟೂಲ್ ಹಾಕಿ ಕೂರಿ

ಲ್ಯಾಪ್‌ಟಾಪ್ ತೆರೆಯಬೇಡಿ. ಯಾರಿಗಾಗಿ ಕೋರ್ಸ್ ಮಾಡುತ್ತಿದ್ದೀರೋ ಅವರು ಕೆಲಸ ಮಾಡುವ ಜಾಗಕ್ಕೆ ಹೋಗಿ, ಒಂದು ಮೂಲೆಯಲ್ಲಿ ಸ್ಟೂಲ್ ಹಾಕಿಕೊಂಡು ಕೂರಿ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡು ಸಾಕು. ಗಿರಾಕಿಗಳು ಏನು ಕೇಳುತ್ತಾರೆ, ಸಿಬ್ಬಂದಿ ಎಲ್ಲಿ ತಡವರಿಸುತ್ತಾರೆ, ಯಾರನ್ನು ಕೂಗಿ ಕರೆಯುತ್ತಾರೆ ಅಂತ ಬರೆದುಕೊಳ್ಳಿ.

ನಾನು ಕೂತ ದಿನ ಏನಾಯಿತು ಅಂದರೆ, ಮ್ಯಾನೇಜರ್ ಹೇಳಿದ ಸಮಸ್ಯೆ ಅಲ್ಲಿ ಕಾಣಲೇ ಇಲ್ಲ. 'ಸಿಬ್ಬಂದಿಗೆ ಕೊಳೆ ರೋಗದ ಬಗ್ಗೆ ತಿಳಿವಳಿಕೆ ಕಡಿಮೆ' ಅಂತ ಅವರು ಹೇಳಿದ್ದರು. ಆದರೆ ಆ ಹುಡುಗರ ಮನೆಯಲ್ಲೇ ತೋಟವಿದೆ. ಕೊಳೆ ಬಂದು ಕಾಯಿ ಉದುರುವುದನ್ನು ಚಿಕ್ಕಂದಿನಿಂದ ನೋಡಿದವರು. ಮಳೆಗಾಲದಲ್ಲಿ ಹಬ್ಬುವ ಶಿಲೀಂಧ್ರದಂಥ ಜೀವಿ ಅದು, ಅದರ ಹೆಸರು ಫೈಟಾಫ್ತೊರ ಅಂತ ಸ್ಲೈಡ್ ತೋರಿಸಿದರೆ ಅವರಿಗೆ ಏನು ಉಪಯೋಗ? ಅವರಿಗೆ ಕಷ್ಟವಾಗುತ್ತಿದ್ದದ್ದು ಬೇರೆ. ವಯಸ್ಸಾದ ರೈತರೊಬ್ಬರು ಬಂದು 'ನಂಗೆ ಗೊತ್ತಿದ್ದು, ನೀ ತೂಗು' ಅಂದಾಗ, ಇಪ್ಪತ್ತೆರಡು ವರ್ಷದ ಹುಡುಗ ಬಾಯಿ ಮುಚ್ಚಿಕೊಂಡು ತೂಗುತ್ತಿದ್ದ. ಹೇಳಬೇಕಾದ ಮಾತು ಗೊತ್ತಿತ್ತು. ಹೇಗೆ ಹೇಳಬೇಕು ಅಂತ ಗೊತ್ತಿರಲಿಲ್ಲ.

ಕೋರ್ಸ್ ಬೇಕೇ ಬೇಡವೇ ಅನ್ನುವುದೂ ಈ ಹಂತದಲ್ಲೇ ತೀರ್ಮಾನವಾಗುತ್ತದೆ. ಆ ಅಂಗಡಿಯ ಇನ್ನೊಂದು ತೊಂದರೆ, ಬಿಲ್‌ನಲ್ಲಿ ಕೋಡ್ ತಪ್ಪಾಗಿ ಹಾಕುವುದು. ಅದಕ್ಕೆ ಕೋರ್ಸ್ ಕೇಳಿದ್ದರು. ಕೋಡ್‌ಗಳ ಪಟ್ಟಿಯೊಂದನ್ನು ಪ್ರಿಂಟ್ ಮಾಡಿ, ಲ್ಯಾಮಿನೇಟ್ ಮಾಡಿಸಿ ತಕ್ಕಡಿ ಪಕ್ಕ ನೇತುಹಾಕಿದೆವು. ಮುಗಿಯಿತು. ನೆನಪಿಟ್ಟುಕೊಳ್ಳಬೇಕಾಗಿಲ್ಲದ್ದನ್ನು ಕೋರ್ಸ್ ಮಾಡಿ ನೆನಪಿಡಿಸಲು ಹೋಗಬೇಡಿ.

'ತಿಳಿದುಕೊಳ್ಳುವುದು' ಎಂಬ ಪದ ಅಳಿಸಿ

ಎರಡನೇ ಹೆಜ್ಜೆ, ಒಂದು ಹಾಳೆಯಲ್ಲಿ ಒಂದು ವಾಕ್ಯ ಬರೆಯುವುದು. ಕೋರ್ಸ್ ಮುಗಿದ ಮೇಲೆ ಈ ಮನುಷ್ಯ ಕೌಂಟರಿನಲ್ಲಿ ಏನು ಮಾಡುತ್ತಾನೆ? 'ಬೋರ್ಡೋ ದ್ರಾವಣದ ಮಹತ್ವ ತಿಳಿದುಕೊಳ್ಳುತ್ತಾನೆ' ಅಂತ ಬರೆದರೆ ಹಾಳೆ ಹರಿದು ಮತ್ತೆ ಬರೆಯಿರಿ. ತಿಳಿದುಕೊಂಡದ್ದನ್ನು ನೀವು ಸ್ಟೂಲ್ ಮೇಲೆ ಕೂತು ನೋಡಲು ಆಗುತ್ತದಾ? ಇಲ್ಲ. ಕಣ್ಣಿಗೆ ಕಾಣುವ ಕ್ರಿಯಾಪದ ಬೇಕು. ಕೇಳುತ್ತಾನೆ, ತೂಗುತ್ತಾನೆ, ತೋರಿಸುತ್ತಾನೆ, ನಿರಾಕರಿಸುತ್ತಾನೆ.

ನಮ್ಮ ವಾಕ್ಯ ಕೊನೆಗೆ ಹೀಗೆ ನಿಂತಿತು: 'ಮೈಲುತುತ್ತ ಕೇಳಿದ ಪ್ರತಿ ರೈತರಿಗೂ ಸುಣ್ಣದ ಬಗ್ಗೆ ಒಂದು ಪ್ರಶ್ನೆ ಕೇಳುತ್ತಾನೆ, ಮತ್ತು ಕತ್ತಿ ಪರೀಕ್ಷೆಯನ್ನು ಒಂದು ನಿಮಿಷದೊಳಗೆ ವಿವರಿಸುತ್ತಾನೆ.' ಕತ್ತಿ ಪರೀಕ್ಷೆ ಅಂದರೆ ಕಲಸಿದ ದ್ರಾವಣದಲ್ಲಿ ಸುಣ್ಣ ಸಾಕಾಗಿದೆಯಾ ಅಂತ ನೋಡುವ ಬಗೆ. ಇಷ್ಟೇ. ಈ ವಾಕ್ಯಕ್ಕೆ ಸೇರದ ಪ್ರತಿಯೊಂದನ್ನೂ ತೆಗೆದುಹಾಕಿದೆ. ಅಧ್ಯಕ್ಷರ ಫೋಟೊ ತೆಗೆಯುವಾಗ ಮಾತ್ರ ಸ್ವಲ್ಪ ಮಾತುಕತೆ ಬೇಕಾಯಿತು.

ಅನುಭವಿಗಳ ಹತ್ತಿರ ತಪ್ಪುಗಳನ್ನು ಕೇಳಿ

ಪ್ರತಿ ಸಂಸ್ಥೆಯಲ್ಲೂ ಇಪ್ಪತ್ತೈದು ವರ್ಷ ಅದೇ ಕೌಂಟರಿನಲ್ಲಿ ಕೂತ ಒಬ್ಬರು ಇರುತ್ತಾರೆ. ಅವರ ಹತ್ತಿರ ಹೋಗಿ 'ಈ ವಿಷಯ ವಿವರಿಸಿ' ಅಂದರೆ ಪುಸ್ತಕದಲ್ಲಿರುವುದನ್ನೇ ಹೇಳುತ್ತಾರೆ. 'ಜನ ಎಲ್ಲೆಲ್ಲಿ ಎಡವುತ್ತಾರೆ?' ಅಂತ ಕೇಳಿ. ಕವಳ ಹಾಕಿಕೊಂಡು, ಕಾಲು ಮಡಚಿ ಕೂತು, ಗಂಟೆಗಟ್ಟಲೆ ಹೇಳುತ್ತಾರೆ.

ನಮಗೆ ಸಿಕ್ಕಿದ್ದು ಇದು. ಶೇ 1ರ ಬೋರ್ಡೋಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಇದು ಎಲ್ಲರಿಗೂ ಬಾಯಿಪಾಠ. ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಬೇರೆ ಬೇರೆ ಕರಗಿಸಬೇಕು. ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯುತ್ತ ಕಲಕಬೇಕು. ಅವಸರದಲ್ಲಿ ಜನ ಉಲ್ಟಾ ಸುರಿಯುತ್ತಾರೆ. ಕಬ್ಬಿಣದ ಡ್ರಮ್‌ನಲ್ಲಿ ಕಲಸುತ್ತಾರೆ. ಬೆಳಿಗ್ಗೆ ಕಲಸಿದ್ದರಲ್ಲಿ ಉಳಿದದ್ದನ್ನು ಮರುದಿನ ಹೊಡೆಸುತ್ತಾರೆ, ಯಾಕೆಂದರೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಮಧ್ಯಾಹ್ನಕ್ಕೇ ಬೇರೆ ತೋಟಕ್ಕೆ ಹೋಗಿರುತ್ತಾನೆ. ಎಲ್ಲಕ್ಕಿಂತ ಜಾಸ್ತಿ ಆಗುವ ತಪ್ಪು ಸುಣ್ಣದ್ದು. ಹೋದ ವರ್ಷ ಬಾಯಿ ಬಿಚ್ಚಿಟ್ಟ ಚೀಲ ಗಾಳಿಗೆ ಸತ್ವ ಕಳೆದುಕೊಂಡಿರುತ್ತದೆ. ಅಳತೆ ಸರಿ ಇದ್ದರೂ ಮೈಲುತುತ್ತ ಪೂರ್ತಿ ಬೆರೆಯದೆ ಉಳಿಯುತ್ತದೆ, ಎಳೆ ಕಾಯಿ ಸುಡುತ್ತದೆ.

ಅದಕ್ಕೇ ಕತ್ತಿ ಪರೀಕ್ಷೆ. ಉಜ್ಜಿ ತೊಳೆದ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆಯುವುದು. ಅಲಗಿನ ಮೇಲೆ ಕೆಂಪು ತಾಮ್ರದ ಬಣ್ಣ ಕೂತರೆ ಸುಣ್ಣ ಸಾಲದು ಅಂತ ಅರ್ಥ. ಕೆಂಪು ಬರುವುದು ನಿಲ್ಲುವವರೆಗೆ ಸುಣ್ಣದ ನೀರು ಸೇರಿಸುತ್ತ ಹೋಗಬೇಕು.

ನೋಡಿ, ಪುಸ್ತಕದ ಪಾಠ ಒಂದೇ ಸಾಲು, ತಪ್ಪುಗಳ ಪಟ್ಟಿ ಒಂದು ಪುಟ. ಕೋರ್ಸ್ ಹುಟ್ಟುವುದು ಆ ಪುಟದಿಂದ.

ಪ್ರಶ್ನೆಯಿಂದಲೇ ಶುರು ಮಾಡಿ

ಈ ಭಾಗಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ. ಕೋರ್ಸ್ ಹಿಡಿಸುತ್ತದೋ ಇಲ್ಲವೋ ಅನ್ನುವುದು ಮುಕ್ಕಾಲು ಪಾಲು ಇಲ್ಲೇ ನಿಂತಿದೆ. ಬಣ್ಣ, ಅನಿಮೇಷನ್, ಕುಣಿಯುವ ಗೊಂಬೆ, ಬ್ಯಾಡ್ಜ್, ಇವೆಲ್ಲ ಆಮೇಲಿನ ಮಾತು. ನನ್ನ ಮಟ್ಟಿಗೆ ಬ್ಯಾಡ್ಜ್ ಬೇಕಾಗಿಯೇ ಇಲ್ಲ.

ಮೊದಲ ಕೋರ್ಸ್‌ನಲ್ಲಿ ನಾನು ಬರೆಯುತ್ತಿದ್ದ ಪ್ರಶ್ನೆಗಳ ಮಾದರಿ ಇದು: 'ಶೇ 1ರ ಬೋರ್ಡೋ ದ್ರಾವಣಕ್ಕೆ ಎಷ್ಟು ಮೈಲುತುತ್ತ ಬೇಕು? ಅ) 500 ಗ್ರಾಂ ಆ) 1 ಕೆಜಿ ಇ) 2 ಕೆಜಿ ಈ) ಮೇಲಿನ ಯಾವುದೂ ಅಲ್ಲ.' ಶಾಲೆಯ ಪರೀಕ್ಷೆಯ ವಾಸನೆ ಬರುತ್ತದೆ, ಅಲ್ವಾ? ಉತ್ತರ ಗೊತ್ತಿದ್ದವನಿಗೆ ಬೇಜಾರು, ಗೊತ್ತಿಲ್ಲದವನು ಪಕ್ಕದವನನ್ನು ಕೇಳುತ್ತಾನೆ.

ಎರಡನೇ ಕೋರ್ಸ್‌ನ ಮೊದಲ ಪರದೆಯಲ್ಲಿ ಸ್ವಾಗತ ಇಲ್ಲ, ಉದ್ದೇಶ ಇಲ್ಲ. ಸೀದಾ ಹೀಗಿದೆ:

'ಜೂನ್ ಮೊದಲ ವಾರ. ಹೊರಗೆ ಮೋಡ ಕಟ್ಟಿದೆ. ಅಂಗಡಿಯಲ್ಲಿ ನಾಲ್ಕು ಜನ ಕಾಯುತ್ತಿದ್ದಾರೆ. ಒಬ್ಬ ಹಿರಿಯರು ಎರಡು ಕೆಜಿ ಮೈಲುತುತ್ತ ಕೇಳುತ್ತಾರೆ. ಸುಣ್ಣ ಬೇಕಾ ಅಂದರೆ, ಬೇಡ್ದೋ, ಹೋದ ವರ್ಷದ್ದೇ ಮನೇಲಿ ಇದ್ದು, ಬೇಗ ತೂಗು ಅನ್ನುತ್ತಾರೆ. ನೀವು?

ಅ) ಎರಡು ಕೆಜಿ ತೂಗಿ ಬಿಲ್ ಮಾಡುತ್ತೀರಿ.
ಆ) ಹಳೇ ಸುಣ್ಣ ನಡೆಯುವುದಿಲ್ಲ, ಹೊಸದೇ ತಗೊಳ್ಳಿ ಅನ್ನುತ್ತೀರಿ.
ಇ) ತೂಗುತ್ತಲೇ, ಚೀಲದ ಬಾಯಿ ಬಿಚ್ಚಿತ್ತಾ ಅಂತ ಕೇಳುತ್ತೀರಿ.'

ಇಲ್ಲಿ ಮೂರೂ ಉತ್ತರ ನಿಜವಾದ ಮನುಷ್ಯರು ನಿಜವಾಗಿ ಮಾಡುವಂಥವು. ಇದು ಬಹಳ ಮುಖ್ಯ. ಯಾರೂ ಮಾಡದ ಪೆದ್ದು ಉತ್ತರವನ್ನು ಸುಮ್ನೆ ಜಾಗ ತುಂಬಲು ಹಾಕಬೇಡಿ.

ಮುಂದಿನದು ಇನ್ನೂ ಮುಖ್ಯ. ಉತ್ತರ ಒತ್ತಿದ ಕೂಡಲೇ 'ತಪ್ಪು, ಮತ್ತೆ ಪ್ರಯತ್ನಿಸಿ' ಅಂತ ಬರಬಾರದು. ಮುಂದೆ ಏನಾಯಿತು ಅಂತ ಬರಬೇಕು. 'ಅ' ಒತ್ತಿದರೆ: 'ಬಿಲ್ ಆಯಿತು, ಸಾಲು ಬೇಗ ಕರಗಿತು. ಮರುವಾರ ಅದೇ ಹಿರಿಯರು ಸುಟ್ಟ ಎಳೆ ಕಾಯಿ ಹಿಡಿದು ಬಂದಿದ್ದಾರೆ. ನೀವು ಕೊಟ್ಟ ಮೈಲುತುತ್ತವೇ ಸರಿ ಇಲ್ಲ ಅನ್ನುತ್ತಿದ್ದಾರೆ.' 'ಆ' ಒತ್ತಿದರೆ: 'ಹಿರಿಯರು ಮುಖ ಗಂಟು ಹಾಕಿಕೊಂಡು ಎದುರಿನ ಅಂಗಡಿಗೆ ಹೋದರು. ಅಲ್ಲಿ ಯಾರೂ ಏನೂ ಕೇಳಲಿಲ್ಲ.' 'ಇ' ಒತ್ತಿದರೆ: 'ಬಿಚ್ಚಿಟ್ಟಿದ್ದು ಹೌದು, ಅದಕ್ಕೆ ಏನಾತು? ಅಂತ ಕೇಳುತ್ತಾರೆ. ಈಗ ನಿಮಗೆ ಅರ್ಧ ನಿಮಿಷ ಸಿಕ್ಕಿದೆ.' ಅಲ್ಲಿಂದ ಕತ್ತಿ ಪರೀಕ್ಷೆಯ ವಿಡಿಯೊ ಶುರುವಾಗುತ್ತದೆ.

ಪಾಠ ಆಮೇಲೆ ಬಂತು, ಪ್ರಶ್ನೆ ಮೊದಲು ಬಂತು. ಕೇಳುವ ಹಸಿವು ಹುಟ್ಟಿದ ಮೇಲೆ ಹೇಳಿದರೆ ಜನ ಕೇಳುತ್ತಾರೆ. ಪ್ರತಿ ಪಾಠಕ್ಕೂ ಇಂಥ ಒಂದು ಸಂದರ್ಭ ಸಾಕು. ಬ್ಯಾಂಕಿನ ಕೌಂಟರ್ ಆದರೆ, 'ದುಡ್ಡು ಬರುತ್ತೆ ಅಂದ್ರು, ಪಿನ್ ಹಾಕಕ್ಕೆ ಹೇಳ್ತಾ ಇದಾರೆ' ಅಂತ ಫೋನ್ ಹಿಡಿದು ಬಂದ ಅಜ್ಜಿಯಿಂದ ಶುರು ಮಾಡಿ. ದುಡ್ಡು ಪಡೆಯಲು ಯುಪಿಐ ಪಿನ್ ಬೇಕಾಗುವುದೇ ಇಲ್ಲ ಅನ್ನುವ ಸಂಗತಿ, ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು ಅನ್ನುವ ಸಂಗತಿ, ಎರಡೂ ಆ ಅಜ್ಜಿಯ ಹಿಂದೆಯೇ ಬರಲಿ.

ಚಿಕ್ಕದಾಗಿ ಕತ್ತರಿಸಿ, ಹಗುರ ಮಾಡಿ

2014ರಲ್ಲಿ ಸಂಶೋಧಕ ಫಿಲಿಪ್ ಗುವೋ ಮತ್ತು ಸಂಗಡಿಗರು ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕೆ ತಾಣದ ಕೋರ್ಸ್‌ಗಳಲ್ಲಿ ಜನ ವಿಡಿಯೊ ನೋಡಿದ 69 ಲಕ್ಷ ದಾಖಲೆಗಳನ್ನು ಜಾಲಾಡಿದ್ದರು. ಆರು ನಿಮಿಷಕ್ಕಿಂತ ಚಿಕ್ಕ ವಿಡಿಯೊಗಳನ್ನೇ ಜನ ಕೊನೆಯವರೆಗೆ ಹೆಚ್ಚಾಗಿ ನೋಡುತ್ತಿದ್ದರು. ಅದು ಕಾಲೇಜು ಮಟ್ಟದ, ಇಷ್ಟಪಟ್ಟು ಸೇರಿದ ಜನರ ಕಥೆ. ನಮ್ಮ ಸಿಬ್ಬಂದಿ ಇಬ್ಬರು ಗಿರಾಕಿಗಳ ನಡುವೆ ನೋಡುವವರು. ನಾನು ಮೂರು ನಿಮಿಷಕ್ಕೆ ನಿಲ್ಲಿಸುತ್ತೇನೆ.

ಇನ್ನು ನೆಟ್‌ವರ್ಕ್. ಘಟ್ಟದ ಮೇಲೆ ಕೆಲಸ ಮಾಡುವವರಿಗೆ ಇದನ್ನು ಹೇಳಬೇಕಾಗಿಲ್ಲ. 2020ರ ಲಾಕ್‌ಡೌನ್‌ನಲ್ಲಿ ನಮ್ಮ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿ, ಪ್ಲಾಸ್ಟಿಕ್ ಹೊದಿಕೆ ಕೆಳಗೆ ಕೂತು ಪಾಠ ಕೇಳಿದ್ದನ್ನು ಎಲ್ಲರೂ ನೋಡಿದ್ದಾರೆ. ಹಾಗಾಗಿ ಕೋರ್ಸ್‌ನ ತೂಕ ಮೊದಲೇ ಲೆಕ್ಕ ಹಾಕಿ. ವಿಡಿಯೊವನ್ನು 500 ಕೆಬಿಪಿಎಸ್‌ಗೆ (ಸೆಕೆಂಡಿಗೆ 500 ಕಿಲೋಬಿಟ್) ಇಳಿಸಿದರೆ ಮೂರು ನಿಮಿಷಕ್ಕೆ ಸುಮಾರು 11 ಎಂಬಿ ಆಗುತ್ತದೆ. ಫೋನ್ ಪರದೆಯಲ್ಲಿ ಕತ್ತಿಯ ಅಲಗಿನ ಬಣ್ಣ ಕಾಣಲು ಅಷ್ಟು ಸಾಕು. ಬರೀ ಧ್ವನಿ ಆದರೆ, 64 ಕೆಬಿಪಿಎಸ್‌ನಲ್ಲಿ ಮೂರು ನಿಮಿಷಕ್ಕೆ ಒಂದೂವರೆ ಎಂಬಿ. ಕೈಯಲ್ಲಿ ಮಾಡಿ ತೋರಿಸುವಂಥದ್ದಕ್ಕೆ ಮಾತ್ರ ವಿಡಿಯೊ ಬಳಸಿ. ಮಾತಿನ ವಿಷಯಕ್ಕೆ ಒಂದು ಚಿತ್ರ, ಮೇಲೆ ಧ್ವನಿ ಸಾಕು.

ಪರದೆ ಮೇಲೆ ಬರೆದದ್ದನ್ನೇ ಓದಬೇಡಿ. ರಿಚರ್ಡ್ ಮೇಯರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಇಂಥದ್ದನ್ನೇ ವರ್ಷಗಟ್ಟಲೆ ಪರೀಕ್ಷೆ ಮಾಡಿದವರು. ಚಿತ್ರದ ಜೊತೆ ಮಾತಿದ್ದರೆ ಜನ ಚೆನ್ನಾಗಿ ಕಲಿಯುತ್ತಾರೆ. ಅದರ ಮೇಲೆ ಅದೇ ಮಾತನ್ನು ಅಕ್ಷರದಲ್ಲೂ ತುಂಬಿದರೆ ಕಲಿಕೆ ಕುಂದುತ್ತದೆ. ಕಣ್ಣು ಓದುತ್ತ ಮುಂದೆ ಓಡುತ್ತದೆ, ಕಿವಿ ಹಿಂದೆ ಉಳಿಯುತ್ತದೆ.

ಧ್ವನಿ ಮುದ್ರಣಕ್ಕೆ ಒಂದು ಸ್ಥಳೀಯ ಎಚ್ಚರಿಕೆ. ಜುಲೈನಲ್ಲಿ ತಗಡಿನ ಮಾಡಿನ ಕೆಳಗೆ ರೆಕಾರ್ಡಿಂಗ್ ಇಟ್ಟುಕೊಳ್ಳಬೇಡಿ. ನನ್ನ ಮೊದಲ ಕೋರ್ಸ್‌ನ ಎರಡು ಪಾಠಗಳಲ್ಲಿ ನನ್ನ ದನಿಗಿಂತ ಮಳೆಯ ದನಿಯೇ ಗಟ್ಟಿ. ಬೇಸಿಗೆಯ ಸಂಜೆಗಳಲ್ಲಿ ಜೀರುಂಡೆ ಬಿಡುವುದಿಲ್ಲ. ಬೆಳಿಗ್ಗೆ ಹೊತ್ತು, ಹಾಸಿಗೆ ಕಂಬಳಿ ರಾಶಿ ಹಾಕಿದ ಒಳಕೋಣೆ, ಫ್ಯಾನ್ ಆಫ್, ಫೋನಿಗೆ ಚುಚ್ಚುವ ಒಂದು ಅಗ್ಗದ ಕಾಲರ್ ಮೈಕ್. ಅಷ್ಟರಲ್ಲಿ ಕೆಲಸ ಆಗುತ್ತದೆ.

ಕೌಂಟರಿನ ಕನ್ನಡದಲ್ಲಿ ಬರೆಯಿರಿ

'ಗ್ರಾಹಕರ ಅಗತ್ಯಗಳನ್ನು ಗುರುತಿಸಿ ಸೂಕ್ತ ಪರಿಹಾರ ಒದಗಿಸುವುದು' ಅಂತ ಯಾರಾದರೂ ಅಂಗಡಿಯಲ್ಲಿ ಮಾತಾಡುತ್ತಾರಾ? 'ಏನು ಬೇಕು ಕೇಳಿ, ಯಾವ ತೋಟಕ್ಕೆ ಅಂತಾನೂ ಕೇಳಿ' ಅಂದರೆ ಸಾಕು. ಬರೆದದ್ದನ್ನು ಗಟ್ಟಿಯಾಗಿ ಓದಿ ನೋಡಿ. ನಾಲಿಗೆ ತೊಡರಿದ ಕಡೆ ತಿದ್ದಿ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ತೊಡಕಿದೆ. ಶಿರಸಿ ಸಿದ್ದಾಪುರದ ಕಡೆ ಹವ್ಯಕ ಕನ್ನಡ, ಕಾರವಾರದಲ್ಲಿ ಮನೆಮಾತು ಹೆಚ್ಚಾಗಿ ಕೊಂಕಣಿ, ಕುಮಟಾ ಹೊನ್ನಾವರದ ಕನ್ನಡದ ರಾಗವೇ ಬೇರೆ. ನಾನು ಕಂಡುಕೊಂಡದ್ದು ಇಷ್ಟು: ವಿವರಣೆ ಎಲ್ಲರಿಗೂ ಅರ್ಥವಾಗುವ ಸರಳ ಕನ್ನಡದಲ್ಲಿರಲಿ, ಗಿರಾಕಿಯ ಮಾತು ಮಾತ್ರ ಅವರ ಊರಿನ ಮಾತಿನಲ್ಲೇ ಇರಲಿ. ಕಾರವಾರದ ಶಾಖೆಗೆ ಅದೇ ಸಂದರ್ಭವನ್ನು ಕೊಂಕಣಿ ಗಿರಾಕಿಯ ದನಿಯಲ್ಲಿ ಮತ್ತೆ ಮುದ್ರಿಸಿದೆವು. ಹೆಚ್ಚು ಕೆಲಸವೇನಲ್ಲ, ಮೂರು ಸಾಲು.

ಸಂಸ್ಥೆಯವರು ಹಳೇ ತರಬೇತಿ ಫೈಲ್ ಕೊಟ್ಟರೆ ಮೊದಲು ಫಾಂಟ್ ನೋಡಿ. ನುಡಿ, ಬರಹದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದು ಫೋನಿನಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ. ಬದಲಾಯಿಸಿದ ಮೇಲೂ ಅರ್ಕಾವೊತ್ತು, ಒತ್ತಕ್ಷರಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿ. 'ವರ್ಷ' ಅನ್ನುವುದು ಏನೇನೋ ಆಗಿರುತ್ತದೆ.

ಯಾವುದರಲ್ಲಿ ಕಟ್ಟುವುದು

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದೇ. ನಾನು ಇಷ್ಟು ಹಿಂದೆ ಇಟ್ಟಿದ್ದೇನೆ, ಬೇಕಂತಲೇ.

ಹತ್ತಿಪ್ಪತ್ತು ಜನ ಇದ್ದರೆ ಗೂಗಲ್ ಫಾರ್ಮ್ಸ್ ಮತ್ತು ವಾಟ್ಸಾಪ್ ಗುಂಪು ಸಾಕು. ಫಾರ್ಮ್ಸ್‌ನಲ್ಲಿ ಉತ್ತರಕ್ಕೆ ತಕ್ಕಂತೆ ಬೇರೆ ಬೇರೆ ಪುಟಕ್ಕೆ ಕಳಿಸುವ ಸೌಲಭ್ಯ ಇದೆ. ಮೇಲಿನ ಅ, ಆ, ಇ ಸಂದರ್ಭವನ್ನು ಅದರಲ್ಲೇ ಮಾಡಬಹುದು. ಜನ ಜಾಸ್ತಿ ಇದ್ದು, ಯಾರು ಎಲ್ಲಿಯವರೆಗೆ ಬಂದಿದ್ದಾರೆ ಅಂತ ನೋಡಬೇಕಿದ್ದರೆ ಮೂಡಲ್ ಎಂಬ ಕೋರ್ಸ್ ನಡೆಸುವ ತಂತ್ರಾಂಶ. ಆಸ್ಟ್ರೇಲಿಯಾದ ಮಾರ್ಟಿನ್ ಡೊಗಿಯಾಮಸ್ ಶುರು ಮಾಡಿದ್ದು, ಮೊದಲ ಆವೃತ್ತಿ ಬಂದದ್ದು 2002ರಲ್ಲಿ. ತಂತ್ರಾಂಶ ಉಚಿತ, ಖರ್ಚು ಸರ್ವರ್‌ಗೆ ಮತ್ತು ಅದನ್ನು ನೋಡಿಕೊಳ್ಳುವವರಿಗೆ. ಅದರ ಫೋನ್ ಆ್ಯಪ್‌ನಲ್ಲಿ ಪಾಠ ಇಳಿಸಿಟ್ಟುಕೊಂಡು ನೆಟ್ ಇಲ್ಲದಾಗ ನೋಡಬಹುದು. ನಮ್ಮ ಕಡೆಗೆ ಇದೊಂದೇ ಕಾರಣಕ್ಕೆ ಮೂಡಲ್ ಸಾಕು. ಪೇಟೆಯ ಶಾಖೆಗೆ ಬಂದ ದಿನ ವೈಫೈನಲ್ಲಿ ಇಳಿಸಿಕೊಂಡು ಹೋಗುತ್ತಾರೆ. ಸಂದರ್ಭದ ಪ್ರಶ್ನೆ ಕಟ್ಟಲು ಅದರೊಳಗೇ ಎಚ್‌5ಪಿ ಎಂಬ ಸಲಕರಣೆ ಇದೆ.

ದೊಡ್ಡ ಸಂಸ್ಥೆಯವರು ತಮ್ಮದೇ ವ್ಯವಸ್ಥೆಗೆ ಹಾಕಲು 'ಸ್ಕಾರ್ಮ್ ಫೈಲ್ ಕೊಡಿ' ಅನ್ನುತ್ತಾರೆ. ಹೆದರಬೇಡಿ. ಕೋರ್ಸ್‌ನ್ನು ಯಾವ ವ್ಯವಸ್ಥೆಯಲ್ಲಾದರೂ ಕೂರಿಸಲು ಆಗುವಂತೆ ಕಟ್ಟುವ ಒಂದು ಪೊಟ್ಟಣ ಅದು. ಯಾವ ಆವೃತ್ತಿ ಬೇಕು ಅಂತ ಮೊದಲೇ ಕೇಳಿ. 2001ರ 1.2 ಆವೃತ್ತಿಯನ್ನು ಇವತ್ತಿಗೂ ಕೇಳುವವರಿದ್ದಾರೆ.

ಮೂರು ಜನರ ಪಕ್ಕ ಬಾಯಿ ಮುಚ್ಚಿ ಕೂರಿ

ಎಲ್ಲ ಮುಗಿಸುವ ಮೊದಲು, ಒಂದು ಪಾಠ ಸಿದ್ಧವಾದ ಕೂಡಲೇ ಮೂರು ಜನರಿಗೆ ಕೊಡಿ. ಅವರದ್ದೇ ಫೋನ್, ಅವರದ್ದೇ ಜಾಗ. ನೀವು ಪಕ್ಕದಲ್ಲಿ ಕೂತು ನೋಡಿ, ಒಂದಕ್ಷರ ಮಾತಾಡಬೇಡಿ. 'ಅಲ್ಲಿ ಒತ್ತಿ' ಅನ್ನಲು ನಾಲಿಗೆ ತುರಿಸುತ್ತದೆ, ತಡೆದುಕೊಳ್ಳಿ. ಅವರು ನಿಂತ ಕಡೆ, ಹಿಂದೆ ಹೋದ ಕಡೆ, ನಕ್ಕ ಕಡೆ ಗುರುತು ಹಾಕಿ. 'ಹೇಗಿತ್ತು?' ಅಂತ ಕೇಳಿದರೆ 'ಚೆನ್ನಾಗಿದೆ' ಅನ್ನುತ್ತಾರೆ, ಅದರಿಂದ ಏನೂ ಗೊತ್ತಾಗುವುದಿಲ್ಲ. 'ಇದರಲ್ಲಿ ಯಾವುದು ನಮ್ಮ ಅಂಗಡಿಯಲ್ಲಿ ಆಗುವುದಿಲ್ಲ?' ಅಂತ ಕೇಳಿ. ನನ್ನ ಮೊದಲ ಕರಡಿನಲ್ಲಿ ಹಿರಿಯರು 'ದಯವಿಟ್ಟು' ಅಂದಿದ್ದರು. ಮೂವರೂ ಬಿದ್ದು ಬಿದ್ದು ನಕ್ಕರು.

ಬಿಡುಗಡೆಗೆ ಹೊತ್ತು ನೋಡಿ

ಅಡಿಕೆ ಕೊಯ್ಲಿನ ಭರಾಟೆಯಲ್ಲಿ, ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆಯ ವಾರದಲ್ಲಿ ಕೋರ್ಸ್ ಬಿಟ್ಟರೆ ಯಾರೂ ನೋಡುವುದಿಲ್ಲ, ನೋಡಲೂಬಾರದು. ಬೋರ್ಡೋದ ಮೊದಲ ಸಿಂಪಡಣೆ ಮಳೆ ಹಿಡಿಯುವ ಮುಂಚೆ, ಎರಡನೆಯದು ಅದಾದ 40-45 ದಿನಕ್ಕೆ. ಹಾಗಾಗಿ ನಮ್ಮ ಕೋರ್ಸ್ ಮೇ ಮಧ್ಯದಲ್ಲಿ ಶುರುವಾಯಿತು. ಕಲಿತದ್ದು ಎರಡು ವಾರದಲ್ಲಿ ಕೈಗೆ ಬಂತು.

ಕರಾವಳಿಯ ಲೆಕ್ಕ ಬೇರೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ದೋಣಿಗಳು ದಡದಲ್ಲಿರುತ್ತವೆ, ಐಸ್ ಪ್ಲಾಂಟ್‌ನಲ್ಲಿ ಕೆಲಸ ಕಡಿಮೆ. ಸುರಕ್ಷತೆಯ ಪಾಠಕ್ಕೆ ಜುಲೈ ಕೊನೆಯ ಎರಡು ವಾರ ಸರಿಯಾದ ಹೊತ್ತು. ಜೂನ್‌ನಲ್ಲೇ ಮುಗಿಸಿಬಿಟ್ಟರೆ ಆಗಸ್ಟ್‌ನಲ್ಲಿ ದೋಣಿ ಇಳಿಯುವಾಗ ಅರ್ಧ ಮರೆತಿರುತ್ತದೆ. ಗೋಕರ್ಣದ ಹೋಂಸ್ಟೇಗಳಿಗೂ ಮಳೆಗಾಲವೇ ಬಿಡುವು.

ಇಲ್ಲಿ ಮ್ಯಾನೇಜರ್ ಹತ್ತಿರ ಒಂದು ಮಾತು ಖಚಿತ ಮಾಡಿಕೊಳ್ಳಿ. ಕೋರ್ಸ್ ಕೆಲಸದ ಹೊತ್ತಿನಲ್ಲೇ ನೋಡಲು ಬಿಡಬೇಕು. 'ಮನೆಗೆ ಹೋಗಿ ನೋಡಿ' ಅಂದರೆ ಅದು ಹೆಚ್ಚುವರಿ ಕೆಲಸ. ಸಂಜೆ ದನ ಕಟ್ಟಿ, ಅಡುಗೆ ಮಾಡಿ ಮುಗಿಸಿದ ಹೆಂಗಸಿಗೆ ನಿಮ್ಮ ಪಾಠ ಯಾಕೆ ಬೇಕು?

ಮರೆಯುವ ಹೊತ್ತಿಗೆ ಮತ್ತೆ ಕೇಳಿ

ಹರ್ಮನ್ ಎಬಿಂಗ್‌ಹೌಸ್ ಅನ್ನುವ ಜರ್ಮನ್ ವಿದ್ವಾಂಸರು ತಮ್ಮ ಮೇಲೇ ಪ್ರಯೋಗ ಮಾಡಿಕೊಂಡು, ಕಲಿತದ್ದು ಮೊದಲ ಒಂದೆರಡು ದಿನದಲ್ಲೇ ಬಹಳ ಬೇಗ ಮರೆಯುತ್ತದೆ ಅಂತ 1885ರಲ್ಲೇ ತೋರಿಸಿದ್ದರು. ಅದಕ್ಕೆ ಮದ್ದು ಮತ್ತೆ ಪಾಠ ಓದಿಸುವುದು ಅಂತ ಅನ್ನಿಸುತ್ತದೆ. ಆದರೆ 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಶ್ಶಾಸ್ತ್ರಜ್ಞರು ಮಾಡಿದ ಪ್ರಯೋಗದಲ್ಲಿ ಬೇರೆಯೇ ಕಂಡಿತು. ಐದು ನಿಮಿಷದ ನಂತರ ಕೇಳಿದರೆ ಮತ್ತೆ ಓದಿದವರೇ ಮುಂದು. ಒಂದು ವಾರದ ನಂತರ ಕೇಳಿದರೆ, ಓದುವ ಬದಲು ನೆನಪು ಮಾಡಿಕೊಂಡು ಬರೆದವರು ಮುಂದೆ ಹೋಗಿದ್ದರು.

ನಾವು ಮಾಡಿದ್ದು ಸರಳ. ಪಾಠ ಮುಗಿದ ಮೂರನೇ ದಿನ ಒಂದು, ಹತ್ತನೇ ದಿನ ಒಂದು, ತಿಂಗಳಾದ ಮೇಲೆ ಒಂದು, ಹೀಗೆ ಮೂರು ಪ್ರಶ್ನೆ ವಾಟ್ಸಾಪ್‌ನಲ್ಲಿ ಕಳಿಸಿದೆವು. ಕೆಂಪು ಹತ್ತಿದ ಕತ್ತಿಯ ಫೋಟೊ, ಕೆಳಗೆ 'ಈಗ ರೈತರಿಗೆ ಏನು ಹೇಳುತ್ತೀರಿ? ಧ್ವನಿ ಸಂದೇಶ ಕಳಿಸಿ.' ಅಂಕ ಇಲ್ಲ. ಉತ್ತರಗಳನ್ನು ಗುಂಪಿನಲ್ಲೇ ಹಾಕಿದ್ದರಿಂದ ಒಬ್ಬರದ್ದು ಕೇಳಿ ಇನ್ನೊಬ್ಬರು ತಿದ್ದುತ್ತಿದ್ದರು. ಸಿದ್ದಾಪುರ ಕಡೆಯ ಒಬ್ಬರು ಎಷ್ಟು ಚೆನ್ನಾಗಿ ವಿವರಿಸಿದರು ಅಂದರೆ, ನನ್ನ ವಿಡಿಯೊದ ಧ್ವನಿ ತೆಗೆದು ಅವರದ್ದನ್ನೇ ಕೇಳಿ ಪಡೆದು ಹಾಕಿದೆ.

ಮತ್ತೆ ಅದೇ ಸ್ಟೂಲ್

ತರಬೇತಿಯನ್ನು ನಾಲ್ಕು ಮಟ್ಟದಲ್ಲಿ ಅಳೆಯಬೇಕು ಅಂತ ಅಮೆರಿಕದ ತರಬೇತಿ ತಜ್ಞ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಬರೆದರು. ಹಿಡಿಸಿತಾ, ಕಲಿತರಾ, ಕೆಲಸದಲ್ಲಿ ಮಾಡುತ್ತಿದ್ದಾರಾ, ಸಂಸ್ಥೆಗೆ ಏನಾಯಿತು. ನಮ್ಮಲ್ಲಿ ಹೆಚ್ಚಿನವರು ಎರಡನೆಯದಕ್ಕೇ ನಿಲ್ಲಿಸಿ ಸರ್ಟಿಫಿಕೇಟ್ ಪ್ರಿಂಟ್ ಮಾಡುತ್ತಾರೆ. ಮೂರನೆಯದಕ್ಕೆ ಯಾವ ಸಾಫ್ಟ್‌ವೇರೂ ಬೇಡ. ಎರಡನೇ ಹೆಜ್ಜೆಯಲ್ಲಿ ಬರೆದ ವಾಕ್ಯ ಹಿಡಿದುಕೊಂಡು, ಮೊದಲ ದಿನ ಕೂತ ಜಾಗದಲ್ಲೇ ಮತ್ತೆ ಕೂತು, ಹತ್ತು ಗಿರಾಕಿಗಳಲ್ಲಿ ಎಷ್ಟು ಜನರಿಗೆ ಸುಣ್ಣದ ಪ್ರಶ್ನೆ ಹೋಯಿತು ಅಂತ ಗೆರೆ ಹಾಕಿ.

ಜೂನ್‌ನಲ್ಲಿ ನಾನು ಹೋಗಿ ಕೂತೆ. ನೆಕ್ಸ್ಟ್ ಒತ್ತುತ್ತಿದ್ದ ಅದೇ ಹುಡುಗಿ ಈಗ ಪರಿಕರದ ಕೌಂಟರಿನಲ್ಲಿದ್ದಳು. ತಕ್ಕಡಿಗೆ ಮೈಲುತುತ್ತ ಹಾಕುತ್ತಲೇ 'ಸುಣ್ಣದ ಚೀಲ ಬಾಯಿ ಬಿಚ್ಚಿತ್ತಾ?' ಅಂತ ಕೇಳಿದಳು, ಕತ್ತಿ ಪರೀಕ್ಷೆ ಹೇಳಿದಳು. ರೈತರು ಎಲ್ಲ ಕೇಳಿಸಿಕೊಂಡು, 'ನಮ್ಮನೆಲಿ ಈಗ ಸ್ಟೀಲ್ ಚಾಕುನೇ ಇಪ್ಪದು, ಅದು ಅಡ್ಡಿಲ್ಯಾ?' ಅಂದರು. ಅವಳು ನನ್ನ ಮುಖ ನೋಡಿದಳು. ಕೋರ್ಸ್‌ನಲ್ಲಿ ಆ ಪ್ರಶ್ನೆ ಇರಲಿಲ್ಲ. ತುಕ್ಕು ಹಿಡಿಯದ ಸ್ಟೀಲನ್ನು ನಂಬುವ ಹಾಗಿಲ್ಲ, ಕಬ್ಬಿಣದ್ದೇ ಬೇಕು, ಹಳೇ ಮೊಳೆ ಆದರೂ ಆದೀತು, ಉಜ್ಜಿ ತುಕ್ಕು ತೆಗೆದಿರಬೇಕು. ಅದನ್ನು ಈ ವರ್ಷದ ಮೂರನೇ ಪಾಠಕ್ಕೆ ಸೇರಿಸಿದ್ದೇನೆ. ರೈತರ ಮಾತು ಅವರದ್ದೇ, ದನಿ ಆ ಹುಡುಗಿಯ ಅಪ್ಪನದು.